ಮಂಗಳೂರು ಪೇಟೆಯೊಳಗಿನ ಸಣ್ಣ ಮನೆಗೂ ಕಾರಿನ ಜಾಗ ಕಡ್ಡಾಯ ಯಾಕೆ? ಭವಂತಿ ಬೀದಿ, ಬಂದರು, ಹಂಪನಕಟ್ಟೆಯವರು ಹೇಳಿ

ಹಂಚಿನಮನೆ · ಬೆಳಿಗ್ಗೆ 7:10

ನಮ್ಮ ಮನೆ ಭವಂತಿ ಬೀದಿಯಿಂದ ಒಳಗೆ ಹೋಗುವ ಓಣಿಯಲ್ಲಿ. ಮೂರೂವರೆ ಸೆಂಟ್ಸ್ ಜಾಗ, 22 ಅಡಿ ಅಗಲ, 69 ಅಡಿ ಉದ್ದ. ಎದುರಿಗೆ ಅಪ್ಪನ ಜೀನಸು ಅಂಗಡಿ, ಹಿಂದೆ ಚಾವಡಿ, ಅಡುಗೆಕೋಣೆ, ಮೇಲೆ ಅಟ್ಟ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಕಳೆದ ಮಳೆಗಾಲದಲ್ಲಿ ಹಿಂದಿನ ಗೋಡೆ ಜರಿಯಿತು. ಇನ್ನು ಹೊಸತಾಗಿ ಕಟ್ಟದೆ ಬೇರೆ ದಾರಿಯಿಲ್ಲ.

ಕೆಳಗೆ ಅಂಗಡಿ ಹಾಗೇ ಇರಲಿ, ಮೇಲೆ ಎರಡು ಮಾಳಿಗೆಯಲ್ಲಿ ನಾಲ್ಕು ಮನೆ ಎಂದು ನಾವು ಲೆಕ್ಕ ಹಾಕಿದ್ದೆವು. ಒಂದೊಂದು ಸುಮಾರು ಆರುನೂರು ಚದರ ಅಡಿ. ಒಂದರಲ್ಲಿ ನಾನು, ಅಮ್ಮ. ಇನ್ನೊಂದರಲ್ಲಿ ತಮ್ಮನ ಸಂಸಾರ. ಉಳಿದ ಎರಡು ಬಾಡಿಗೆಗೆ. ಆ ಬಾಡಿಗೆಯಲ್ಲಿ ಬ್ಯಾಂಕಿನ ಕಂತು ಹೋಗುತ್ತದೆ. ನಮ್ಮಲ್ಲಿ ಕಾರಿಲ್ಲ. ತಮ್ಮನದೊಂದು ಸ್ಕೂಟರ್ ಉಂಟು.

ಇಂಜಿನಿಯರ್ ಬಂದು ಟೇಪು ಹಿಡಿದು ಅಳೆದರು. ಕೊನೆಗೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದರು. ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. "ಇದು ಒಂದು ಕಾರು ಅಕ್ಕ. ಪ್ಲಾನಿನಲ್ಲಿ ಮನೆಗೊಂದರಂತೆ ಇಂಥದ್ದು ನಾಲ್ಕು ತೋರಿಸಬೇಕು. ಅಂಗಡಿಯದ್ದು ಬೇರೆ. ಕಾರು ಹೋಗಿ ಬರುವ ಜಾಗ ಅದರ ಮೇಲೆ" ಎಂದರು. ಆ ಗೆರೆ ಚಾವಡಿಯ ಹೊಸ್ತಿಲಲ್ಲಿ ಶುರುವಾಗಿ ಕಡೆಯುವ ಕಲ್ಲಿನ ಬುಡಕ್ಕೆ ಮುಟ್ಟಿತ್ತು. ಅವರು ಹೋದ ಮೇಲೂ ಎರಡು ದಿನ ಅಮ್ಮ ಅದನ್ನು ಒರಸಲಿಲ್ಲ. ಬಚ್ಚಲಿಗೆ ಹೋಗುವಾಗೆಲ್ಲ ಸೀರೆ ಸ್ವಲ್ಪ ಎತ್ತಿ ಹಿಡಿದು ಗೆರೆ ದಾಟುತ್ತಿದ್ದರು, ಅಲ್ಲಿ ನಿಜವಾಗಿ ಏನೋ ನಿಂತಿದೆ ಎಂಬ ಹಾಗೆ.

ನಾಲ್ಕು ಕಾರು ಹಿಡಿಸಬೇಕಾದರೆ ಅಂಗಡಿ ಹೋಗಬೇಕು. ಅಂಗಡಿ ಹೋದರೂ ಹಿಡಿಸುವುದಿಲ್ಲ. ಉಳಿದದ್ದು ಒಂದೇ ದಾರಿ: ಆಚೆ ಈಚೆ ಮನೆಯವರೆಲ್ಲ ಸೇರಿ ಜಾಗವನ್ನು ಬಿಲ್ಡರಿಗೆ ಕೊಟ್ಟು, ಕೆಳಗೆ ಬೇಸ್‌ಮೆಂಟ್ ಇರುವ ಒಂದು ದೊಡ್ಡ ಕಟ್ಟಡ. ನಮ್ಮ ಓಣಿಯಲ್ಲಿ ಮೂರು ಮನೆಯವರು ಈಗಾಗಲೇ ಬಾಗಿಲು ಹಾಕಿ ಹೋಗಿದ್ದಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಳೇ ಪೇಟೆಯೊಳಗೆ ಮನೆ ಕಟ್ಟುವವರಿಗೆ ಇಷ್ಟು ಕಾರಿನ ಜಾಗ ಬೇಕೇ ಬೇಕು ಎಂಬ ನಿಯಮವನ್ನು ತೆಗೆಯಬೇಕು. ಬೇಕಾದವರು ಕಟ್ಟಿಕೊಳ್ಳಲಿ, ಬೇಡದವರ ಮೇಲೆ ಹೇರುವುದು ಬೇಡ. ಈ ಪೇಟೆ ಹುಟ್ಟಿದ್ದೇ ಅಂಗಡಿಯ ಮೇಲೆ ಮನೆ, ಮನೆಯ ಕೆಳಗೆ ಅಂಗಡಿ ಎಂಬ ಕ್ರಮದಲ್ಲಿ. ಈಗ ಅಂಗಡಿ ಮುಚ್ಚಿದ ಮೇಲೆ ರಥಬೀದಿಯಿಂದ ಬಂದರಿನವರೆಗೆ ನಡೆದು ನೋಡಿ, ದೀಪ ಇರುವ ಕಿಟಕಿ ಎಷ್ಟು ಸಿಗುತ್ತದೆ?

ಫಳ್ನೀರ್ ನಿವಾಸಿ · ಬೆಳಿಗ್ಗೆ 7:52

ಅಕ್ಕ, ನಿಮ್ಮ ಕಷ್ಟ ಅರ್ಥ ಆಗ್ತದೆ. ಆದ್ರೆ ನಾನು ಒಪ್ಪುವುದಿಲ್ಲ. ನಮ್ಮ ಒಳರಸ್ತೆಯಲ್ಲಿ ಪಾರ್ಕಿಂಗ್ ಇಲ್ಲದ ಹಳೇ ಕಟ್ಟಡ ಎರಡುಂಟು. ಅಲ್ಲಿಯವರ ಕಾರು ರಾತ್ರಿಯಿಡೀ ರಸ್ತೆಯ ಎರಡೂ ಬದಿಯಲ್ಲಿ. ಎರಡು ವರ್ಷದ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಉಸಿರು ಕಟ್ಟಿತು. ಆಂಬ್ಯುಲೆನ್ಸ್ ತಿರುವಿನಲ್ಲೇ ನಿಂತಿತು, ಒಳಗೆ ಬರ್ಲಿಕ್ಕೆ ಆಗಲಿಲ್ಲ. ನಾನು ಮತ್ತು ವಾಚ್‌ಮನ್ ಸೇರಿ ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮುಖ್ಯರಸ್ತೆವರೆಗೆ ಹೊತ್ತುಕೊಂಡು ಹೋದೆವು. ಅಪ್ಪ ಉಳಿದರು. ಆದ್ರೆ ಆ ನೂರೈವತ್ತು ಮೀಟರ್ ನನಗೆ ಇನ್ನೂ ಮರೆತಿಲ್ಲ.

ಇವತ್ತು ಕಾರಿಲ್ಲ ಅಂತೀರಿ. ನಾಳೆ ನಿಮ್ಮ ಬಾಡಿಗೆಯವರು ತಗೊಳ್ತಾರೆ. ಎಲ್ಲಿ ನಿಲ್ಲಿಸ್ತಾರೆ? ಇನ್ನೊಬ್ಬರ ಗೇಟಿನ ಎದುರಲ್ಲಿ.

ಸೈಟ್ ಇಂಜಿನಿಯರ್ · ಬೆಳಿಗ್ಗೆ 8:30

ಹದಿನೆಂಟು ವರ್ಷದಿಂದ ಈ ಊರಲ್ಲಿ ಕಟ್ಟಡದ ಕೆಲಸ ಮಾಡುವವ ನಾನು. ಒಂದು ಕಾರಿಗೆ ನಿಜವಾಗಿ ಎಷ್ಟು ಜಾಗ ಬೇಕು ಎಂಬುದು ಜನರಿಗೆ ಗೊತ್ತಿರುವುದಿಲ್ಲ. ಚಾಕ್‌ಪೀಸಿನ ಗೆರೆ ಕಾರು ನಿಲ್ಲುವ ಜಾಗ ಮಾತ್ರ. ಅದು ಒಳಗೆ ಬರುವ, ತಿರುಗುವ, ಹೊರಗೆ ಹೋಗುವ ಜಾಗವನ್ನೂ ಸೇರಿಸಬೇಕು. ದೆಹಲಿಯ ಮಹಾಯೋಜನೆ-2021ರಲ್ಲಿ (ಮಾಸ್ಟರ್ ಪ್ಲಾನ್) ಈ ಲೆಕ್ಕ ಚೆನ್ನಾಗಿ ಕೊಟ್ಟಿದ್ದಾರೆ: ಬಯಲಲ್ಲಾದರೆ ಒಂದು ಕಾರಿಗೆ 23 ಚದರ ಮೀಟರ್, ನೆಲಮಟ್ಟದಲ್ಲಿ ಕಟ್ಟಡದ ಅಡಿಯಲ್ಲಾದರೆ 28, ಬೇಸ್‌ಮೆಂಟಿನಲ್ಲಿ 32. ಅಕ್ಕನ ನಾಲ್ಕು ಮನೆಗೆ ಸ್ಟಿಲ್ಟಿನಲ್ಲಿ (ಕಂಬಗಳ ಮೇಲೆ ನಿಂತ ಕಟ್ಟಡದ ಅಡಿಯಲ್ಲಿ) 112 ಚದರ ಮೀಟರ್, ಅಂದರೆ 1,205 ಚದರ ಅಡಿ. ಅವರ ಇಡೀ ಜಾಗ 1,518. ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಬಿಟ್ಟು, ಮೆಟ್ಟಿಲು, ಮೀಟರ್ ಬೋರ್ಡು, ನೀರಿನ ಟ್ಯಾಂಕಿ ಕಳೆದರೆ ಅಷ್ಟು ಉಳಿಯುವುದಿಲ್ಲ.

ಬೇಸ್‌ಮೆಂಟ್ ಮಾಡಿ ಅಂತ ಹೇಳುವುದು ಸುಲಭ. ಇಳಿಜಾರಿಗೇ ಒಂದು ಸಣ್ಣ ಸೈಟು ಬೇಕು. 22 ಅಡಿ ಅಗಲದಲ್ಲಿ ಅದು ಆಗುವ ಕೆಲಸವಲ್ಲ. ಬಂದರಿನ ಕಡೆ ಹೊಳೆ ಹತ್ತಿರ, ಸ್ವಲ್ಪ ತೋಡಿದರೆ ನೀರು. ಕೆಂಪುಕಲ್ಲು ಬೇಸಿಗೆಯಲ್ಲಿ ಗಟ್ಟಿ, ಜೂನ್ ಬಂದರೆ ಅದರ ತೂತಿನಿಂದೆಲ್ಲ ನೀರು ಒಸರುತ್ತದೆ. ಪಂಪು ಆಷಾಢ, ಶ್ರಾವಣ ಹಗಲು ರಾತ್ರಿ ಓಡಬೇಕು. 2018ರ ಮೇ 29ರ ಮಳೆ ನೆನಪುಂಟಲ್ಲ? ಮಾರನೇ ದಿನ ನಾನು ಒಂದು ಬೇಸ್‌ಮೆಂಟಿಗೆ ಇಳಿದಿದ್ದೆ. ನೀರಿನ ಮೇಲೆ ಕಾರುಗಳ ಮಾಡು ಮಾತ್ರ ಕಾಣುತ್ತಿತ್ತು.

ಇನ್ನೂ ಒಂದು ಮಾತು, ನಮ್ಮ ಕೆಲಸದವರಿಗೆ ಇದು ಹಿಡಿಸುವುದಿಲ್ಲ. ಪ್ಲಾನಿನಲ್ಲಿ ಪಾರ್ಕಿಂಗ್ ಅಂತ ತೋರಿಸಿದ್ದೆಲ್ಲ ಪಾರ್ಕಿಂಗ್ ಆಗಿ ಉಳಿಯುವುದಿಲ್ಲ. ಕಂಪ್ಲೀಶನ್ ಸರ್ಟಿಫಿಕೇಟ್ ಸಿಕ್ಕಿ ಡೋರ್ ನಂಬ್ರ ಬಂದ ಮೇಲೆ ಶಟರ್ ಬೀಳುತ್ತದೆ. ಗೋಡೌನ್, ಟೈಲರ್ ಅಂಗಡಿ, ಜೆರಾಕ್ಸ್. ನಿಯಮ ಇದ್ದೂ ಕಾರು ರಸ್ತೆಯಲ್ಲೇ.

ರಾತ್ರಿ ಪಾಳಿ · ಬೆಳಿಗ್ಗೆ 9:05

ಡ್ಯೂಟಿ ಮುಗಿಸಿ ಈಗ ಬಂದೆ. ನಾನು ಸ್ಟಾಫ್ ನರ್ಸ್, ಕಂಕನಾಡಿ ಹತ್ತಿರ ಮೂರು ಜನ ಸೇರಿ ಫ್ಲ್ಯಾಟ್ ಮಾಡಿಕೊಂಡಿದ್ದೇವೆ. ಮೂವರಲ್ಲಿ ಯಾರಿಗೂ ಕಾರಿಲ್ಲ, ಡ್ರೈವಿಂಗೂ ಬರುವುದಿಲ್ಲ. ಫ್ಲ್ಯಾಟಿನ ಜೊತೆ ಕಾರ್ ಪಾರ್ಕಿಂಗ್ ಉಂಟು, ಅದಕ್ಕೂ ಸೇರಿಸಿಯೇ ಬಾಡಿಗೆ. ಪಾರ್ಕಿಂಗ್ ಬೇಡ, ಸ್ವಲ್ಪ ಕಡಿಮೆ ಮಾಡಿ ಅಂತ ಕೇಳಿದೆ. ಹಾಗೆ ಬೇರೆ ಮಾಡ್ಲಿಕ್ಕೆ ಆಗುವುದಿಲ್ಲ ಅಂದರು ಮಾಲಕರು. ಈಗ ಆ ಜಾಗದಲ್ಲಿ ಮೇಲಿನ ಮನೆಯವರ ಎರಡನೇ ಕಾರು ನಿಲ್ಲುತ್ತದೆ, ಮೇಲೆ ಬಟ್ಟೆ ಹೊದಿಸಿ. ನಾನು ದಿನಾ ಅದರ ಪಕ್ಕದಲ್ಲೇ ನಡೆದು ಹೋಗುತ್ತೇನೆ.

ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಬೇಕು, ಸಣ್ಣದಾದರೂ ಸಾಕು. ಯಾಕೆಂದ್ರೆ ರಾತ್ರಿ ಹತ್ತರ ಮೇಲೆ ಸಿಟಿ ಬಸ್ಸನ್ನು ನಂಬಲಿಕ್ಕಾಗುವುದಿಲ್ಲ. ಹಂಚಿನಮನೆ ಅಕ್ಕ ಕಟ್ಟಬೇಕು ಅಂದದ್ದು ಅಂಥ ಮನೆಯೇ. ಅದನ್ನು ಕಟ್ಟಬೇಡ ಅಂತ ನಿಯಮ ಹೇಳುವುದಾದರೆ ಆ ನಿಯಮ ನಮ್ಮಂಥವರನ್ನು ಲೆಕ್ಕಕ್ಕೆ ತಗೊಂಡಿಲ್ಲ.

ಹಂಚಿನಮನೆ · ಬೆಳಿಗ್ಗೆ 9:40

ಫಳ್ನೀರ್ ಸರ್, ನಿಮ್ಮ ಅಪ್ಪನ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನನ್ನ ಅಮ್ಮನಿಗೂ ಎಂಬತ್ತೆರಡು. ನಮ್ಮ ಓಣಿಗೂ ಆಂಬ್ಯುಲೆನ್ಸ್ ಬರಬೇಕು.

ಆದರೆ ಇಂಜಿನಿಯರ್ ಸರ್ ಹೇಳಿದ್ದನ್ನೂ ನೋಡಿ. ಆ ರಾತ್ರಿ ದಾರಿ ಕಟ್ಟಿದ್ದು ರಸ್ತೆಯಲ್ಲಿ ನಿಲ್ಲಿಸಿದ ಕಾರು. ಪಾರ್ಕಿಂಗ್ ಇಲ್ಲದೆ ಮನೆ ಕಟ್ಟಿದವರೆಲ್ಲ ಹಾಗೆ ನಿಲ್ಲಿಸಬೇಕೆಂದಿಲ್ಲ, ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಇದ್ದವರು ನಿಲ್ಲಿಸುತ್ತಾರೆ. ಆ ಧೈರ್ಯವನ್ನು ತೆಗೆಯಬೇಕು. ಅದಕ್ಕೆ ಬದಲು ಕಾರೇ ಇಲ್ಲದ ಮನೆಯವರ ಕೆಳಗಿನ ಅಂತಸ್ತನ್ನು ಕಿತ್ತುಕೊಂಡರೆ ನಿಮ್ಮ ರಸ್ತೆ ಖಾಲಿಯಾಗುವುದಿಲ್ಲ.

ರಿಕ್ಷಾ ಪಾರ್ಕ್ · ಬೆಳಿಗ್ಗೆ 10:15

ನಾನು ಸ್ಟೇಟ್ ಬ್ಯಾಂಕ್ ಹತ್ತಿರ ರಿಕ್ಷಾ ಬಿಡುವವ. ಕೆ.ಎಸ್. ರಾವ್ ರಸ್ತೆಯಲ್ಲಿ ಸಂಜೆ ನಾವು ನೋಡುವುದೇ ಬೇರೆ. ಬೆಳಿಗ್ಗೆ ಒಂಬತ್ತಕ್ಕೆ ಬಂದ ಕಾರು ರಾತ್ರಿ ಎಂಟಕ್ಕೆ ಹೋಗ್ತದೆ, ಅಷ್ಟು ಹೊತ್ತು ಒಂದು ಪೈಸೆ ಇಲ್ಲದೆ. ಸಾಮಾನು ತಗೊಳ್ಳಲಿಕ್ಕೆ ಬಂದವರು ಜಾಗ ಇಲ್ಲದೆ ಮೂರು ಸುತ್ತು ಹೊಡೀತಾರೆ. ಅಂಗಡಿಯವರ ಕಾರೇ ಅಂಗಡಿಯ ಎದುರು. ಹಣ ಇಟ್ಟರೆ ಗಂಟೆಗೊಮ್ಮೆ ಜಾಗ ಖಾಲಿ ಆಗ್ತದೆ. ಇಷ್ಟೇ ನನ್ನ ಮಾತು.

ಮಗ ನಗೋಯಾದಲ್ಲಿ · ಬೆಳಿಗ್ಗೆ 11:20

ಜಪಾನಿನ ಒಂದು ವಿಷಯ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ನಾನು ಹೋದ ವರ್ಷ ಮೂರು ತಿಂಗಳು ಮಗನ ಹತ್ತಿರ ಇದ್ದೆ. ಅವನು ಕಾರು ತೆಗೆದುಕೊಳ್ಳುವಾಗ ಮೊದಲು ಮಾಡಿದ್ದು ಪಾರ್ಕಿಂಗ್ ಹುಡುಕುವ ಕೆಲಸ. ಮನೆಯಿಂದ ಎರಡು ಕಿಲೋಮೀಟರಿನ ಒಳಗೆ ಕಾರು ನಿಲ್ಲಿಸಲು ತನ್ನದೆನ್ನುವ ಜಾಗ ಉಂಟು ಎಂದು ಪೊಲೀಸರಿಂದ ಪತ್ರ ತರಬೇಕು. ಅರ್ಜಿಯಲ್ಲಿ ಆ ಜಾಗದ ನಕಾಶೆ ಬರೆದು, ಉದ್ದ ಅಗಲ ಹಾಕಿ, ಪಕ್ಕದ ರಸ್ತೆಯ ಅಗಲವನ್ನೂ ಹಾಕಿ ಕೊಟ್ಟ. ಅವನ ಸ್ವಂತ ಕಟ್ಟಡದಲ್ಲಿ ಪಾರ್ಕಿಂಗೇ ಇಲ್ಲ. ಎರಡು ಬೀದಿ ಆಚೆ ತಿಂಗಳ ಬಾಡಿಗೆಗೆ ತೆಗೆದುಕೊಂಡ. ಇದು 1962ರಿಂದ ಇರುವ ಕಾನೂನು. ರಾತ್ರಿ ಹೊತ್ತು ಸತತ ಎಂಟು ತಾಸಿಗಿಂತ ಹೆಚ್ಚು ಬೀದಿಯಲ್ಲಿ ಕಾರು ಬಿಟ್ಟರೆ ಅದೇ ಕಾನೂನಿನಲ್ಲಿ ಅಪರಾಧ.

ಅಲ್ಲಿಯ ಓಣಿಗಳು ನಮ್ಮ ಬಂದರಿನ ಓಣಿಗಿಂತ ಅಗಲವೇನೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಕಿಟಕಿಯಿಂದ ನೋಡಿದರೆ ಓಣಿ ಪೂರ್ತಿ ಖಾಲಿ, ಒಂದು ಕಾರಿಲ್ಲ. ಕಾರಿನ ಜಾಗದ ಹೊಣೆ ಕಾರು ಕೊಳ್ಳುವವನ ಮೇಲೆ, ಮನೆ ಕಟ್ಟುವವನ ಮೇಲೆ ಅಲ್ಲ.

ಫಳ್ನೀರ್ ನಿವಾಸಿ · ಬೆಳಿಗ್ಗೆ 11:48

ಸರ್, ಅದು ಜಪಾನ್. ಅಲ್ಲಿ ಬಸ್ಸು, ರೈಲು ಉಂಟು, ಪೊಲೀಸರು ಬಂದು ಅಳೀತಾರೆ. ಇಲ್ಲಿ ಟೋ ಮಾಡುವ ಗಾಡಿ ಎರಡು ದಿನ ಓಡಿ ಮೂರನೇ ದಿನ ನಿಲ್ತದೆ. ನಿಯಮ ತೆಗೆಯುವುದು ಒಂದು ಸಹಿಯಲ್ಲಿ ಆಗ್ತದೆ. ರಸ್ತೆ ಸರಿ ಮಾಡುವುದು ದಿನಾ ಮಾಡಬೇಕಾದ ಕೆಲಸ. ಮೊದಲನೆಯದ್ದು ಆಗಿ ಎರಡನೆಯದ್ದು ಆಗದಿದ್ದರೆ ಅನುಭವಿಸುವವರು ನಾವು.

ಪ್ಲಾನಿಂಗ್ ಓದುವವಳು · ಮಧ್ಯಾಹ್ನ 12:30

ಫಳ್ನೀರ್ ಸರ್ ಹೇಳಿದ್ದರಲ್ಲಿ ಹುರುಳುಂಟು. ಅದಕ್ಕೇ ಬೇರೆ ಊರುಗಳಲ್ಲಿ ಏನಾಯಿತು ಅಂತ ಸ್ವಲ್ಪ ಹೇಳ್ತೇನೆ.

ವಸತಿ ಕಟ್ಟಡಕ್ಕೆ ಇಷ್ಟು ಕಾರಿನ ಜಾಗ ಕಡ್ಡಾಯ ಎಂಬ ನಿಯಮ ಅಮೆರಿಕದ ಕೊಲಂಬಸ್ ನಗರದಲ್ಲಿ 1923ರಲ್ಲಿ ಬಂತು. ಕಾರೇ ಕಾಲಾಗಿರುವ ಊರುಗಳಿಗೆಂದು ಬೆಳೆದ ಈ ಕ್ರಮವನ್ನು ನಾವು ಹಂಚಿನ ಮಾಡಿನ ಪೇಟೆಗೆ ತಂದು ಹಾಕಿದ್ದೇವೆ. ಈಗ ಅಮೆರಿಕದ ನಗರಗಳೇ ಅದನ್ನು ಕೈಬಿಡುತ್ತಿವೆ. ಬಫಲೋ ಎಂಬ ನಗರ 2017ರಲ್ಲಿ ಇಡೀ ಊರಿಗೇ ತೆಗೆಯಿತು. ಆಮೇಲೆ ಅಲ್ಲಿ ಬಂದ 36 ದೊಡ್ಡ ಕಟ್ಟಡಗಳನ್ನು ಅಧ್ಯಯನ ಮಾಡಿದಾಗ ಶೇ 47ರಷ್ಟು ಕಟ್ಟಡಗಳು ಮಾತ್ರ ಹಳೇ ನಿಯಮಕ್ಕಿಂತ ಕಡಿಮೆ ಪಾರ್ಕಿಂಗ್ ಇಟ್ಟಿದ್ದವು. ಉಳಿದವರು ಯಾರೂ ಹೇಳದಿದ್ದರೂ ಮೊದಲಿನಷ್ಟೋ ಅದಕ್ಕಿಂತ ಹೆಚ್ಚೋ ಕಟ್ಟಿದರು. ಕೊಳ್ಳುವವರು ಕೇಳುವಲ್ಲಿ ಬಿಲ್ಡರ್ ಪಾರ್ಕಿಂಗ್ ಕೊಟ್ಟೇ ಕೊಡುತ್ತಾನೆ. ಕಡ್ಡಾಯ ತೆಗೆದ ಕೂಡಲೇ ಪಾರ್ಕಿಂಗೇ ಮಾಯ ಆಗುತ್ತದೆ ಎಂಬ ಹೆದರಿಕೆ ಬೇಡ.

ಮೆಕ್ಸಿಕೋ ನಗರವೂ 2017ರಲ್ಲಿ ಕನಿಷ್ಠವನ್ನು ತೆಗೆದು ಗರಿಷ್ಠ ಮಿತಿ ಹಾಕಿತು. ಅದಕ್ಕೆ ಮೊದಲು ಅಲ್ಲಿಯ ದೊಡ್ಡ ಯೋಜನೆಗಳಲ್ಲಿ ಕಟ್ಟಿದ ಜಾಗದ ಶೇ 40ಕ್ಕೂ ಹೆಚ್ಚು ಭಾಗ ಕಾರಿಗೇ ಹೋಗುತ್ತಿತ್ತು. ಲಂಡನ್ 2004ರಲ್ಲೇ ಕನಿಷ್ಠದ ಬದಲು ಗರಿಷ್ಠ ಮಿತಿ ತಂದಿತ್ತು.

ನಮ್ಮ ದೇಶದ್ದೇ ನೋಡುವುದಾದರೆ, 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಪಾರ್ಕಿಂಗ್ ಶುಲ್ಕ ಆ ನೆಲದ ಬೆಲೆಗೆ ತಕ್ಕ ಹಾಗಿರಬೇಕು ಎಂದು ಹೇಳಿದೆ. ಹಂಪನಕಟ್ಟೆಯಲ್ಲಿ ಒಂದು ಸೆಂಟ್ಸಿನ ಬೆಲೆ ಎಷ್ಟು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಅಲ್ಲೇ ದಿನವಿಡೀ ಕಾರು ಒಂದು ಪೈಸೆ ಇಲ್ಲದೆ ನಿಲ್ಲುತ್ತದೆ ಎಂದು ರಿಕ್ಷಾ ಪಾರ್ಕಿನವರು ಹೇಳಿದ್ದಾರೆ.

ಬಿಜೈ ಮೇಲಿನಮನೆ · ಮಧ್ಯಾಹ್ನ 1:15

ಬಿಲ್ಡರಿಗೆ ಲಾಭ, ನಮಗೆ ಎಂತದ್ದೂ ಇಲ್ಲ. ಪಾರ್ಕಿಂಗ್ ಖರ್ಚು ಉಳಿದರೆ ಫ್ಲ್ಯಾಟಿನ ರೇಟು ಇಳಿಸ್ತಾರೆ ಅಂತ ನಂಬುವವರು ಯಾರು?

ಸೈಟ್ ಇಂಜಿನಿಯರ್ · ಮಧ್ಯಾಹ್ನ 1:40

ಕದ್ರಿ, ಬಿಜೈ ಕಡೆಯ ಇಪ್ಪತ್ತು ಮಾಳಿಗೆಯ ಕಟ್ಟಡದ ವಿಷಯದಲ್ಲಿ ನಿಮ್ಮ ಮಾತು ಸರಿ ಇರಬಹುದು. ಮಾರುವ ರೇಟು ಏರಿಯಾ ನೋಡಿ ನಿಲ್ಲುತ್ತದೆ. ಆದರೆ ಈಗಿನ ನಿಯಮದಿಂದ ಹೆಚ್ಚು ಲಾಭ ಆಗುವುದೂ ದೊಡ್ಡವರಿಗೇ. ಮೂರು ಸೆಂಟ್ಸಿನವರು ಸ್ವಂತ ಕಟ್ಟಲಾಗದೆ ಮಾರಬೇಕು, ಕೊಳ್ಳುವವರು ಅವರೇ. ಹಳೇ ಪೇಟೆಯಲ್ಲಿ ಸಣ್ಣ ಜಾಗದವರಿಗೆ ವಿನಾಯಿತಿ ಕೊಟ್ಟರೆ ಅದು ನೇರ ಮನೆಯವರಿಗೆ ಹೋಗುತ್ತದೆ, ನಡುವೆ ಬಿಲ್ಡರ್ ಇಲ್ಲ.

ವಕೀಲರ ಕೋಣೆ · ಮಧ್ಯಾಹ್ನ 2:25

ರಾತ್ರಿ ಪಾಳಿ ತಂಗಿಯ ಮಾತಿಗೆ ಒಂದು ಸೇರಿಕೆ. ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲ ಫ್ಲ್ಯಾಟಿನವರ ಸಾಮಾನ್ಯ ಜಾಗ ಎಂದು ಸುಪ್ರೀಂ ಕೋರ್ಟ್ 2010ರ ಆಗಸ್ಟ್‌ನಲ್ಲಿ ಮುಂಬಯಿಯ ಒಂದು ಪ್ರಕರಣದಲ್ಲಿ ಹೇಳಿದೆ. ಮಾಲಕರ ಹಕ್ಕನ್ನು ಕಾಯುವ ಒಳ್ಳೆಯ ತೀರ್ಪು ಅದು. ಆದರೆ ಪಾರ್ಕಿಂಗ್ ಎಷ್ಟು ಬೇಕು ಎಂಬ ಮೂಲ ಪ್ರಶ್ನೆ ಕೋರ್ಟಿನದಲ್ಲ, ವಲಯ ನಿಯಮಾವಳಿಯದ್ದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಂತೆ ಮಹಾಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪ, ಸಲಹೆ ಕೇಳಬೇಕು. ಮುಡಾಕ್ಕೆ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇಲ್ಲಿ ಎಷ್ಟು ಬರೆದರೂ ಅದು ಕಡತಕ್ಕೆ ಹೋಗುವುದಿಲ್ಲ.

ಕಲ್ಸಂಕ · ಮಧ್ಯಾಹ್ನ 3:10

ಉಡುಪಿಯಿಂದ ಬರೆಯುದು. ನಮ್ಮಲ್ಲಿ ರಥಬೀದಿ ಕಾಣಿ. ಹೊರಗಿನವರು ರಾಜಾಂಗಣದ ಹತ್ತಿರ ಗಾಡಿ ನಿಲ್ಲಿಸಿ ನಡ್ದೇ ಮಠಕ್ಕೆ ಬತ್ರ್. ಯಾರೂ ಅದಕ್ಕೆ ಬೇಜಾರು ಮಾಡಿಕೊಂಡದ್ದು ನಾನು ಕಾಣ್ಲಿಲ್ಲ. ಬೀದಿಯಲ್ಲಿ ಕಾರು ಇಲ್ಲ ಅಂದ್ರೆ ಅಂಗಡಿ ಮುಚ್ಚುತ್ತದೆ ಅಂತ ಹೆದರುವವರು ಒಂದು ಸಂಜೆ ಅಲ್ಲಿ ಬಂದು ನಿಂತ್ಕೊಳ್ಳಿ. ಆದ್ರೆ ಒಂದು, ಅಲ್ಲಿ ನಿಲ್ಲಿಸಲಿಕ್ಕೆ ಜಾಗ ಮೊದಲೇ ಮಾಡಿ ಇಟ್ಟದ್ದಕ್ಕೆ ಅದು ನಡೆದದ್ದು. ನಿಮ್ಮ ಹಂಪನಕಟ್ಟೆಯ ಹಳೇ ಬಸ್‌ಸ್ಟ್ಯಾಂಡ್ ಜಾಗದಲ್ಲಿ ಬಹುಮಹಡಿ ಪಾರ್ಕಿಂಗ್ ಬರ್ತದೆ ಅಂತ ಸ್ಮಾರ್ಟ್ ಸಿಟಿ ಶುರುವಾದಾಗಿನಿಂದ ಕೇಳ್ತಾ ಇದ್ದೇವೆ. ಅಂಥದ್ದು ಒಂದು ಬೇಕೇ ಬೇಕು ಮಾರಾಯ್ರೆ.

ರಾತ್ರಿ ಪಾಳಿ · ಸಂಜೆ 4:50

ಬಸ್ಸಿನ ಮಾತು ಯಾರೂ ಪೂರ್ತಿ ಮಾಡಲಿಲ್ಲ. ಇಲ್ಲಿ ಸಿಟಿ ಬಸ್ ಹೆಚ್ಚಿನದ್ದೆಲ್ಲ ಖಾಸಗಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ಹಾಗಾಗಿ ಬೇರೆ ಊರಿನ ಹೆಂಗಸರಿಗೆ ಸಿಕ್ಕಿದ್ದು ನಮಗೆ ಅಷ್ಟಾಗಿ ಸಿಗಲಿಲ್ಲ. ನನ್ನ ಜೊತೆಯವಳು ಸುರತ್ಕಲ್ಲಿನಿಂದ ಬರುತ್ತಾಳೆ, ಎರಡನೇ ಪಾಳಿ ಮುಗಿದರೆ ರಿಕ್ಷಾಕ್ಕೆ ಕೊಟ್ಟೇ ಸಂಬಳದ ಒಂದು ಪಾಲು ಹೋಗುತ್ತದೆ. ಪಾರ್ಕಿಂಗ್ ಶುಲ್ಕದ ಹಣ ಬಂದರೆ ಅದನ್ನು ಮೊದಲು ರಾತ್ರಿ ಬಸ್ಸಿಗೆ ಹಾಕಿ. ಆಗ ಕಾರು ತೆಗೆದುಕೊಳ್ಳದೆ ಇರುವುದು ಜನರಿಗೆ ಸಾಧ್ಯ ಆಗುತ್ತದೆ.

ಹಂಚಿನಮನೆ · ರಾತ್ರಿ 8:20

ಎಲ್ಲರದ್ದೂ ಓದಿದೆ. ಅಂಗಡಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಮನವಿ ಬರೆದಿದ್ದೇನೆ, ಅದನ್ನೇ ಇಲ್ಲಿ ಹಾಕುತ್ತೇನೆ. ತಪ್ಪಿದ್ದರೆ ತಿದ್ದಿ.

"ಮಂಗಳೂರಿನ ಹಳೇ ಪೇಟೆಯಲ್ಲಿ, ಅಂದರೆ ರಥಬೀದಿ, ಭವಂತಿ ಬೀದಿ, ಬಂದರು ಮತ್ತು ಹಂಪನಕಟ್ಟೆಯ ಒಳ ಓಣಿಗಳಲ್ಲಿ, ಐದು ಸೆಂಟ್ಸಿನ ಒಳಗಿನ ಜಾಗದಲ್ಲಿ ವಾಸಕ್ಕೆ ಮನೆ ಕಟ್ಟುವವರಿಗೆ ಕಾರು ನಿಲುಗಡೆಯ ಕಡ್ಡಾಯವನ್ನು ತೆಗೆಯಬೇಕು. ದ್ವಿಚಕ್ರ ವಾಹನಕ್ಕೆ ಜಾಗ ಇಡಲು ನಾವು ತಯಾರಿದ್ದೇವೆ. ಇಂಥ ಮನೆಗಳಲ್ಲಿ ಮುಂದೆ ಯಾರಾದರೂ ಕಾರು ಇಟ್ಟುಕೊಂಡರೆ ಬಾಡಿಗೆಗೆ ತೆಗೆದುಕೊಂಡ ನಿಲುಗಡೆಯ ದಾಖಲೆ ತೋರಿಸಬೇಕು. ಬೀದಿಯಲ್ಲಿ ನಿಲ್ಲಿಸಲು ಗಂಟೆಗೆ ಇಷ್ಟು ಎಂದು ಶುಲ್ಕ ಇರಲಿ, ಆ ಹಣ ಅದೇ ವಾರ್ಡಿನ ಫುಟ್‌ಪಾತಿಗೆ ಮತ್ತು ರಾತ್ರಿ ಬಸ್ಸಿಗೆ ಹೋಗಲಿ. ಪ್ಲಾನಿನಲ್ಲಿ ಪಾರ್ಕಿಂಗ್ ಎಂದು ತೋರಿಸಿ ಅಂಗಡಿ ಮಾಡಿದ ಜಾಗಗಳನ್ನು ತೆರವು ಮಾಡಿಸಿ. ಆಂಬ್ಯುಲೆನ್ಸ್ ಮತ್ತು ಅಗ್ನಿಶಾಮಕದ ಗಾಡಿ ಹೋಗುವಷ್ಟು ದಾರಿ ಪ್ರತಿ ಓಣಿಯಲ್ಲೂ ಹಗಲು ರಾತ್ರಿ ಖಾಲಿ ಇರಬೇಕು, ಅಲ್ಲಿ ನೆಲದ ಮೇಲೆ ಬಣ್ಣದ ಗೆರೆ ಹಾಕಬೇಕು."

ಸೋಮವಾರ ಹನ್ನೊಂದಕ್ಕೆ ಕೊಡಲಿಕ್ಕೆ ಹೋಗುತ್ತೇನೆ. ಸಹಿ ಹಾಕುವವರು ಭಾನುವಾರ ಸಂಜೆ ಅಂಗಡಿಗೆ ಬನ್ನಿ. ಮೂರು ಗಂಟೆಯಿಂದ ಬಾಗಿಲು ತೆಗೆದಿರುತ್ತದೆ.

ಫಳ್ನೀರ್ ನಿವಾಸಿ · ರಾತ್ರಿ 9:05

ಕಡ್ಡಾಯ ತೆಗೆಯುವ ವಿಷಯದಲ್ಲಿ ನನ್ನ ಅರ್ಧ ಮನಸ್ಸು ಇನ್ನೂ ಬೇಡ ಅಂತಲೇ ಹೇಳ್ತದೆ. ಆದ್ರೆ ಕೊನೆಯ ವಾಕ್ಯ, ಆಂಬ್ಯುಲೆನ್ಸಿನದ್ದು, ಅದನ್ನು ಎಲ್ಲಕ್ಕಿಂತ ಮೊದಲು ಹಾಕಿ. ಗೆರೆ ಬೀಳದೆ ಒಂದು ಮನೆಗೂ ವಿನಾಯಿತಿ ಇಲ್ಲ ಅಂತಲೂ ಸೇರಿಸಿ. ಹಾಗೆ ಮಾಡಿದ್ರೆ ನಾನು ಸಹಿ ಹಾಕ್ತೇನೆ, ಅಪ್ಪನ ಸಹಿಯನ್ನೂ ತರ್ತೇನೆ.

ಹಂಚಿನಮನೆ · ರಾತ್ರಿ 9:30

ಮೊದಲ ವಾಕ್ಯವಾಗಿ ಬರೆದೆ ಸರ್, ನೀವು ಹೇಳಿದ ಹಾಗೆಯೇ. ಅಪ್ಪನನ್ನು ಓಣಿಯ ಒಳಗೆ ನಡೆಸಬೇಡಿ, ಮೆಟ್ಟಿಲು ಜಾರುತ್ತದೆ. ಭವಂತಿ ಬೀದಿಯ ತಿರುವಿನಲ್ಲಿ ರಿಕ್ಷಾ ನಿಲ್ಲಿಸಿ ಫೋನ್ ಮಾಡಿ, ಹಾಳೆ ಹಿಡಿದುಕೊಂಡು ನಾನೇ ಬರುತ್ತೇನೆ.